ಐದು ಸಲ ಟಕ್

"ಎಳಿ," ಎಂದ ಹೋಬರ್ಟ್. "ಜಿಂಕೆ ಮೂಗಿಗೆ ಗುರಿ ಇಟ್ಟು ಎಳಿ, ಓಪಲ್. ಅದಕ್ಕೇನೂ ನೋವಾಗಲ್ಲ."

ಎಳೆದೆ. ಬೆರಳಿನ ತುದಿ ಬಿಳುಚಿಕೊಂಡಿತು, ಮಣಿಕಟ್ಟು ನಡುಗಿತು. ರಿವಾಲ್ವರ್ ಅಂಗೈಯೊಳಗೆ ಅಡಗುವಷ್ಟು ಪುಟ್ಟದು. ಅದರ ಟ್ರಿಗರ್ ಮಾತ್ರ ತುಕ್ಕು ಹಿಡಿದ ಚಿಲಕದ ಹಾಗೆ ಹಟ ಮಾಡಿ, ಕೊನೆಗೆ ಒಲ್ಲದ ಮನಸ್ಸಿನಿಂದ ಹಿಂದಕ್ಕೆ ಬಂತು. ಟಕ್.

"ಹೇಗಿದೆ?"

"ಇದನ್ನ ಎಳೆದು ಮುಗಿಸೋ ಹೊತ್ತಿಗೆ ಕಳ್ಳ ನಮ್ಮನೇಲೇ ಕಾಫಿ ಮಾಡ್ಕೊಂಡು ಕುಡಿದು ಹೋಗಿರ್ತಾನೆ."

ಹೋಬರ್ಟ್ ಹೊಟ್ಟೆ ಕುಲುಕಿಸಿ ನಕ್ಕ.

ಟೆನೆಸ್ಸಿಯ ನಮ್ಮ ಗುಡ್ಡಗಳಲ್ಲಿ ಬಂದೂಕು ಕೊಳ್ಳುವ ಪರಿ ಇದೇ. ಅಂಗಡಿಯವನನ್ನು ಒಂದು ಮಾತು ಕೇಳಬೇಕು. ಗುಂಡು ತುಂಬುವ ಉರುಳೆಯನ್ನು ಹೊರಗೆ ಸರಿಸಿ, ಖಾಲಿಯೆಂದು ಎದುರಿಗಿದ್ದವರಿಗೆ ತೋರಿಸಬೇಕು. ಗೋಡೆಯ ಮೇಲಿನ ಜಿಂಕೆತಲೆಗೆ ಗುರಿಯಿಟ್ಟು ಟಕ್ಕೆನ್ನಿಸಿ, ಗಲ್ಲ ಸವರಿಕೊಂಡು ತೀರ್ಪು ಕೊಡಬೇಕು. ಒಂದೇ ಒಂದು ಗುಂಡು ಹಾರಿಸದೆ ಬಂದೂಕಿನ ಗುಣಾವಗುಣ ಹೇಳುವ ಪಂಡಿತರು ಕಾಲ್ಡರ್ ಬೆಂಡ್ ಊರಿನಲ್ಲಿ ಮನೆಗಿಬ್ಬರು ಸಿಗುತ್ತಾರೆ. ಅವರೆಲ್ಲರಿಗೂ ಗುರು ಈ ಹೋಬರ್ಟ್. ಬಂದೂಕು ಮಾರುವುದು, ಬಿಚ್ಚುವುದು, ರಿಪೇರಿ ಮಾಡುವುದು ಮೂವತ್ತು ವರ್ಷದಿಂದ ಅವನ ಕಸುಬು.

"ಟಕ್ ಅಂದ್ರೆ ಸಾಕು, ಅದರ ಜಾತಕ ಹೇಳ್ತೀನಿ" ಎಂದು ಜಂಬ ಕೊಚ್ಚುವವನು.

ಇದೇ ಮಾದರಿಯ ಇನ್ನೊಂದು ರಿವಾಲ್ವರಿನಿಂದ ರಾಯ್ಸ್ ಕರ್ಸಿ ತನ್ನ ಅಡುಗೆಮನೆಯಲ್ಲೇ ಎರಡು ಗುಂಡು ತಿಂದು ಸತ್ತು ತಿಂಗಳಾಗುತ್ತ ಬಂದಿತ್ತು. ಅದನ್ನು ನೆಲದಿಂದ ಎತ್ತಿ ಹಿಡಿದು ಮರಗಟ್ಟಿ ನಿಂತಿದ್ದ ಅವನ ಹೆಂಡತಿ ನಡೀನ್ ಮೇಲೆ ಕೊಲೆಯ ಆರೋಪ. ಹತ್ತೊಂಬತ್ತು ವರ್ಷ ಶೆರಿಫ್ ಕಚೇರಿಯಲ್ಲಿ ಡೆಪ್ಯೂಟಿಯಾಗಿದ್ದು, ಈಗ ವಕೀಲರಿಗೆ ಸಂಗತಿ ಹುಡುಕಿಕೊಟ್ಟು ಬದುಕುತ್ತಿರುವ ನಾನು ನಡೀನ್ ಪರ.

"ನೀನೇ ಹೇಳು, ಹೋಬರ್ಟ್. ಎಪ್ಪತ್ತೊಂದು ವರ್ಷದ ಹೆಂಗಸಿಗೆ ಇಂಥದ್ದನ್ನ ಯಾಕೆ ಮಾರಿದೆ?"

"ಏನಾಗಿದೆ ಇದಕ್ಕೆ? ಪರ್ಸಲ್ಲಿ ಹಿಡಿಯುತ್ತೆ. ಬಟ್ಟೆಗೆ ಸಿಕ್ಕಾಕ್ಕೊಳ್ಳೋ ಕೊಂಡಿ ಇಲ್ಲ. ವರ್ಷಗಟ್ಟಲೆ ಡ್ರಾಯರಲ್ಲಿ ಬಿದ್ದಿದ್ರೂ ಕೈಕೊಡಲ್ಲ. ಐದು ಗುಂಡು. ಇನ್ನೂರು ಚಿಲ್ಲರೆ ಡಾಲರ್. ಮನೆ ಕಾಯೋಕೆ ಇನ್ನೇನು ಬೇಕು?"

"ಅದನ್ನ ಎಳೆಯೋ ಬೆರಳು ಬೇಕು."

"ಅವಳನ್ನ ಕರ್ಕೊಂಡು ಬಾ, ಒಂದ್ಸಲ ಎಳೆದು ನೋಡ್ಲಿ ಅಂತ ರಾಯ್ಸ್‌ಗೆ ಬಾಯಿ ಬಡ್ಕೊಂಡೆ. ಕೇಳಿದ್ನಾ? ಮದುವೆ ವಾರ್ಷಿಕೋತ್ಸವದ ಉಡುಗೊರೆ, ಮುಂಚೆ ಗೊತ್ತಾಗ್ಬಾರದು ಅಂದ. ಡಬ್ಬಕ್ಕೆ ಕೆಂಪು ರಿಬ್ಬನ್ ಬೇರೆ ಕಟ್ಟಿಸ್ಕೊಂಡು ಹೋದ, ಮಹಾರಾಯ."

ನಂಬಿದೆ. ನಂಬದೆ ಏನು? ಕಣಿವೆಯಲ್ಲಿ ನಾಲ್ಕಾರು ಮನೆಗಳಿಗೆ ಕಳ್ಳರು ನುಗ್ಗಿದ ಮೇಲೆ ಊರಿನ ಅರ್ಧ ಗಂಡಸರು ಇದೇ ಕೆಲಸ ಮಾಡಿದ್ದರು. ಹೆಂಗಸಿನ ಕೈ ಸಣ್ಣದು, ಆದ್ದರಿಂದ ಬಂದೂಕೂ ಸಣ್ಣದಿರಲಿ ಎನ್ನುವ ಲೆಕ್ಕಾಚಾರ. ಹಗುರ ಬಂದೂಕು ಕೈಗೆ ಹೆಚ್ಚು ಒದೆಯುತ್ತದೆ, ಈ ಜಾತಿಯ ಪುಟ್ಟ ರಿವಾಲ್ವರಿನ ಟ್ರಿಗರ್ ಎಲ್ಲಕ್ಕಿಂತ ಬಿಗಿ. ಉಂಗುರ ಕೊಳ್ಳುವಾಗ ಹೆಂಡತಿಯ ಬೆರಳಿನ ಅಳತೆ ಕೇಳುವ ನಮ್ಮೂರ ಗಂಡಸರು ಬಂದೂಕು ಕೊಳ್ಳುವಾಗ ಮಾತ್ರ ಕೇಳುವುದಿಲ್ಲ. ನನ್ನ ಗಂಡನೂ ಕೇಳಿರಲಿಲ್ಲ, ದೇವರು ಅವನನ್ನು ಚೆನ್ನಾಗಿಟ್ಟಿರಲಿ.

ಹೋಬರ್ಟ್ ಎರಡು ಲೋಟ ಐಸ್ ಚಹಾ ಬಗ್ಗಿಸಿದ. ನನ್ನದು ನಮ್ಮೂರಿನ ಎಲ್ಲರ ಚಹಾದ ಹಾಗೆ ಪಾಕದಂಥ ಸಿಹಿ. ತನ್ನದನ್ನು ಬೇರೆ ಜಗ್ಗಿನಿಂದ ಬಗ್ಗಿಸಿಕೊಂಡು ಮುಖ ಕಿವಿಚಿದ. "ಡಾಕ್ಟರು ಸಕ್ಕರೆ ಮುಟ್ಟಬೇಡ ಅಂದಿದಾರೆ. ಇದು ಚಹಾ ಅಲ್ಲ, ಪಾತ್ರೆ ತೊಳೆದ ನೀರು."

"ಕುಡಿ, ಕುಡಿ. ಬದುಕಿದ್ರೆ ಮುಂದೆ ಸಿಹಿ ತಿನ್ನಬಹುದು."

"ನಿಮ್ಮನೆ ಹಿಂಬಾಗಿಲು ಈಗ ಕಿರುಗುಟ್ತಾ ಇಲ್ಲ ತಾನೆ?"

"ಇಲ್ಲ. ಭಾನುವಾರ ನೀನು ಎಣ್ಣೆ ಬಿಟ್ಟ ಮೇಲೆ ಬಾಯಿ ಮುಚ್ಕೊಂಡಿದೆ. ನೀನೂ ಅದರಿಂದ ಕಲೀಬಹುದು."

ಅವನು ಹೆಂಡತಿ ಸತ್ತವನು, ನಾನು ಗಂಡ ಸತ್ತವಳು. ಊರಿನವರು ನಮ್ಮಿಬ್ಬರ ಮದುವೆಯನ್ನು ಆಗಲೇ ಮಾಡಿ ಮುಗಿಸಿದ್ದರು, ನಮಗೆ ಹೇಳುವುದೊಂದು ಬಾಕಿಯಿತ್ತು. ಸುಳ್ಳೇಕೆ ಹೇಳಲಿ, ಆ ಮಾತು ಕಿವಿಗೆ ಬಿದ್ದಾಗ ನನಗೆ ಕೋಪ ಬರುತ್ತಿರಲಿಲ್ಲ.

"ನಾಳೆ ನಡೀನ್ ಕೈಲಿ ಟ್ರಿಗರ್ ಎಳೆಸಿ ನೋಡೋವಾಗ ಬರ್ತೀಯಲ್ಲ?" ಎಂದೆ.

"ಬರದೆ? ಶೆರಿಫ್ಫೇ ಕರೆದಿದಾನೆ, ಬಂದೂಕು ಬಲ್ಲವನು ಒಬ್ಬ ಇರ್ಲಿ ಅಂತ. ಮೊನ್ನೆ ಮಂಗಳವಾರವೂ ಅವನ ಕಚೇರೀಲೇ ಇದ್ದೆ. ಹುಡುಗರ ಪಿಸ್ತೂಲೆಲ್ಲ ಬಿಚ್ಚಿ, ಒರೆಸಿ, ಎಣ್ಣೆ ಹಾಕಿ... ಹಿಂದಿನ ರೂಮಲ್ಲಿ ಒಬ್ಬನೇ ಕೂತೂ ಕೂತೂ ಸೊಂಟ ಹಿಡ್ಕೊಂಡಿದೆ."

ಅಂಗಡಿಯ ಆ ರಿವಾಲ್ವರನ್ನು ಒಂದು ದಿನಕ್ಕೆಂದು ಕೇಳಿ ತೆಗೆದುಕೊಂಡೆ. ಅವನು ಬಟ್ಟೆಯಲ್ಲಿ ಸುತ್ತಿ ಕೊಟ್ಟ.

*

ಶೆರಿಫ್ ಡ್ವೈಟ್ ಮಾತಿನಲ್ಲಿ ಒರಟ, ಮಾತಿಗೆ ತಪ್ಪದವನು. "ಅವರ ಕೈಲಿ ಆ ಟ್ರಿಗರ್ ಎಳೆಯೋಕೆ ಆಗಲಿಲ್ಲ ಅಂದ್ರೆ ನಾನೇ ಜಡ್ಜ್ ಹತ್ರ ಹೋಗಿ ಕೇಸು ಬಿಡಿ ಅಂತೀನಿ. ಆದ್ರೆ ಓಪಲ್, ಎಳೆದ್ರೋ, ಮಾರನೇ ದಿನ ಒಂಬತ್ತಕ್ಕೆ ಜೈಲು. ಆಮೇಲೆ ನನ್ನ ಹತ್ರ ಅಳಬೇಡ" ಎಂದು ಮೊದಲೇ ಹೇಳಿದ್ದ.

ಮರುದಿನ ನಡೀನ್ ಚರ್ಚಿಗೆ ಹೋಗುವ ನೀಲಿ ಉಡುಪು ಹಾಕಿಕೊಂಡು ಅವನ ಕಚೇರಿಗೆ ಬಂದಿದ್ದರು. ಕಾಲಿಗೆ ಜಾಮೀನಿನ ಷರತ್ತಿನಂತೆ ಶೆರಿಫ್ ಕಚೇರಿಯವರು ಬಿಗಿದ ಕಪ್ಪು ಪಟ್ಟಿ. ಅವರು ಎಲ್ಲಿದ್ದಾರೆಂದು ಅದು ಡ್ವೈಟನ ಫೋನಿಗೆ ಸದಾ ಹೇಳುತ್ತಿರುತ್ತದೆ. ನಾನೂ ಡ್ವೈಟನೂ ಚಿಕ್ಕವರಿದ್ದಾಗ ಭಾನುವಾರದ ಬೈಬಲ್ ಪಾಠ ಹೇಳಿಕೊಟ್ಟವರು ಇವರೇ. ಮದುವೆಯಾದವರಾದರೂ ಊರಿಗೆಲ್ಲ ಇಂದಿಗೂ 'ಮಿಸ್ ನಡೀನ್'.

"ಡ್ವೈಟ್, ಅಂಗಿ ಒಳಗೆ ಸಿಕ್ಕಿಸ್ಕೋ," ಎಂದರು ಬರುತ್ತಿದ್ದಂತೆ. ಕೊಲೆ ಕೇಸಿನ ಶೆರಿಫ್ ಮರುಮಾತಾಡದೆ ಅಂಗಿ ಸಿಕ್ಕಿಸಿಕೊಂಡ.

ಮೊದಲು ಅಂಗಡಿಯ ರಿವಾಲ್ವರ್ ಕೊಟ್ಟೆ. ಉರುಳೆ ಖಾಲಿಯೆಂದು ನಾನು, ಡ್ವೈಟ್, ಹೋಬರ್ಟ್ ಮೂವರೂ ನೋಡಿದೆವು. ಸಂಧಿವಾತದಿಂದ ಅವರ ಬೆರಳ ಗಿಣ್ಣುಗಳು ಶುಂಠಿಯಂತೆ ಉಬ್ಬಿದ್ದವು. ಒಂದು ಬೆರಳು ಹಾಕಿ ಎಳೆದರು, ಎರಡು ಬೆರಳು ಹಾಕಿ ಎಳೆದರು, ಕೊನೆಗೆ ತುಟಿ ಕಚ್ಚಿಕೊಂಡು ಎರಡೂ ಕೈಯಲ್ಲಿ ಎಳೆದರು. ಟ್ರಿಗರ್ ಕೂದಲೆಳೆಯಷ್ಟೂ ಮಿಸುಕಲಿಲ್ಲ.

"ಆಗಲ್ಲ ಮಗಾ," ಎಂದರು ನನಗೆ. "ಆವತ್ತು ಡಬ್ಬ ಬಿಚ್ಚಿದಾಗಲೂ ಆಗಲಿಲ್ಲ. ರಾಯ್ಸ್ ಮುಖ ಸಣ್ಣ ಮಾಡ್ಕೊಂಡ."

ನಾನು ಡ್ವೈಟನತ್ತ ನೋಡಿದೆ. ಅವನ ಬಿಗಿದ ಹುಬ್ಬು ಸಡಿಲವಾಗಿತ್ತು. ಕುತ್ತಿಗೆಯ ಸರದಲ್ಲಿದ್ದ ಕೀಯಿಂದ ಹಿಂದಿನ ಕೋಣೆಯ ಸಾಕ್ಷ್ಯದ ಬೀರು ತೆಗೆದು, ರಟ್ಟಿನ ಡಬ್ಬದಿಂದ ರಾಯ್ಸ್‌ನನ್ನು ಕೊಂದ ರಿವಾಲ್ವರ್ ತಂದ. ಆ ರಾತ್ರಿ ತಾನೇ ಕೈಯಾರೆ ಬೀರುವಿಗೆ ಹಾಕಿ ಬೀಗ ಜಡಿದಿದ್ದು. ರಾಯ್ಸ್‌ನ ಮೈ ಹಾಯ್ದ ಗುಂಡುಗಳು ಕಬ್ಬಿಣದ ಒಲೆಗೆ ಬಡಿದು ಅಪ್ಪಚ್ಚಿಯಾಗಿದ್ದವು, ಹೋಲಿಸಿ ನೋಡಲಾಗದೆಂದು ಬಂದೂಕನ್ನು ಪ್ರಯೋಗಾಲಯಕ್ಕೂ ಕಳಿಸಿರಲಿಲ್ಲ.

"ಇದನ್ನೂ ಒಂದ್ಸಲ ಎಳೆದುಬಿಡಿ, ಮಿಸ್ ನಡೀನ್. ಮುಗಿದುಹೋಗಲಿ."

ಅವರು ಮುಖ ತಿರುಗಿಸಿಕೊಂಡು ಕೈಗೆ ತೆಗೆದುಕೊಂಡರು. ಗಂಡನನ್ನು ಕೊಂದ ವಸ್ತು ಅದು.

ಟಕ್.

ನಡೀನ್ ತಮ್ಮ ಬೆರಳನ್ನೇ ನೋಡಿಕೊಂಡರು.

"ಇನ್ನೊಂದ್ಸಲ," ಎಂದ ಡ್ವೈಟ್. ಅವನ ದನಿ ಬದಲಾಗಿತ್ತು.

ಟಕ್. ಬೆಣ್ಣೆಯಲ್ಲಿ ಕೈಯಾಡಿಸಿದಷ್ಟು ಸಲೀಸು.

ಈ ಪರೀಕ್ಷೆ ಮಾಡಿಸಿ ಎಂದು ಹಟ ಹಿಡಿದವಳು ನಾನು. ಆ ಹೆಂಗಸನ್ನು ಕೈಹಿಡಿದು ಇಲ್ಲಿಗೆ ಕರೆತಂದವಳೂ ನಾನೇ.

ಹೋಬರ್ಟ್ ರಿವಾಲ್ವರ್ ತೆಗೆದುಕೊಂಡು ತಾನೊಮ್ಮೆ ಟಕ್ಕೆನ್ನಿಸಿದ. ತಲೆ ತಗ್ಗಿಸಿ, "ಒಳಗಿನ ಸ್ಪ್ರಿಂಗ್ ಬದಲಾಯಿಸಿದಾರೆ," ಎಂದ. "ತೆಳು ಸ್ಪ್ರಿಂಗ್. ರಾಯ್ಸೇ ಮಾಡಿರ್ಬೇಕು. ಹೆಂಡ್ತಿ ಕೈಲಿ ಆಗಲಿಲ್ಲ ಅಂತ."

"ನನಗೋಸ್ಕರ ಮಾಡಿದ್ನಾ?" ಎಂದರು ನಡೀನ್. ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. "ಆದ್ರೆ ಅವನಿಗೆ ಅದೆಲ್ಲ ಎಲ್ಲಿ ಬರ್ತಿತ್ತು? ಗಡಿಯಾರಕ್ಕೆ ಸೆಲ್ ಹಾಕೋಕೂ ನನ್ನನ್ನೇ ಕರೀತಿದ್ದ."

"ಪ್ರೀತಿ ಇದ್ರೆ ಮನುಷ್ಯ ಕಲೀತಾನೆ, ಮಿಸ್ ನಡೀನ್," ಎಂದ ಹೋಬರ್ಟ್ ಮೆತ್ತಗೆ. ಎಷ್ಟು ಒಳ್ಳೆಯವನು ಎಂದುಕೊಂಡೆ.

ಡ್ವೈಟ್ ಕುರ್ಚಿ ಎಳೆದುಕೊಂಡು ಎದುರಿಗೆ ಕೂತ. "ಆವತ್ತು ಸಂಜೆ ಮನೆಗೆ ಯಾರೋ ಬರೋರಿದ್ರು ಅಂದಿದ್ರಲ್ಲ. ಯಾರು ಅಂತ ಈಗಲಾದ್ರೂ ನೆನಪಾಯ್ತಾ?"

"ಹೆಸರನ್ನ ರಾಯ್ಸ್ ಹೇಳಿದ್ರೆ ತಾನೆ ನೆನಪಾಗೋದು? ನಾನು ಚರ್ಚಿಗೆ ಹಾಡೋಕೆ ಹೊರಟಿದ್ದೆ. ಒಂದು ತಟ್ಟೆ ಹೆಚ್ಚಿಗೆ ಇಟ್ಟು ಹೋಗು ಅಂದ. ಇಟ್ಟೆ. ಆಮೇಲೆ... ಹಾಂ, ಒಂದು ಜಗ್ ಚಹಾ ಸಕ್ಕರೆ ಹಾಕದೆ ತೆಗೆದಿಡು ಅಂದ. ಸಕ್ಕರೆ ಇಲ್ಲದ ಚಹಾ! ಯಾರಪ್ಪ ಅಂಥ ಪುಣ್ಯಾತ್ಮ ಅಂತ ನಾನು ನಕ್ಕೆ."

"ಇದನ್ನ ಮುಂಚೆ ಯಾಕೆ ಹೇಳ್ಲಿಲ್ಲ?"

"ನೀನು ಕೊಲೆ ಬಗ್ಗೆ ಕೇಳ್ದೆ ಕಣೋ, ಚಹಾ ಬಗ್ಗೆ ಎಲ್ಲಿ ಕೇಳ್ದೆ?"

ಡ್ವೈಟ್ ನಿಟ್ಟುಸಿರು ಬಿಟ್ಟು ಎದ್ದ. ಚಹಾದ ಮಾತು ಅವನ ತಲೆಗೆ ಹತ್ತಲಿಲ್ಲ. ನನ್ನ ತಲೆಗೂ ಹತ್ತಲಿಲ್ಲ, ಆ ಎರಡು ಟಕ್ ಸದ್ದು ಇನ್ನೂ ಕಿವಿಯೊಳಗೇ ಇತ್ತು. "ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಬನ್ನಿ. ಅಲ್ಲೀವರೆಗೆ ಮನೇಲಿರಿ. ಬೇರೆ ದಾರಿ ಇಲ್ಲ ನನಗೆ," ಎಂದ.

"ಕೋಳಿಗಳನ್ನ ಯಾರಿಗಾದ್ರೂ ಒಪ್ಪಿಸ್ಬೇಕು," ಎಂದರು ನಡೀನ್ ಯಾರಿಗೂ ಅಲ್ಲದಂತೆ.

"ನಾನು ಬಿಟ್ಟು ಬರ್ತೀನಿ ಇವರನ್ನ," ಎಂದು ಹೋಬರ್ಟ್ ಟೋಪಿ ಹಾಕಿಕೊಂಡ. "ನಡೀರಿ, ಮಿಸ್ ನಡೀನ್. ಓಪಲ್‌ಗೆ ಇಲ್ಲಿ ಜಗಳ ಆಡೋಕಿದೆ." ಅವರ ಮೊಣಕೈ ಹಿಡಿದು ಮೆಟ್ಟಿಲು ಇಳಿಸಿದ. ಅವನ ಹಸಿರು ಪಿಕಪ್ ಟ್ರಕ್ಕು ತಿರುವಿನಲ್ಲಿ ಮರೆಯಾಯಿತು.

*

ಜಗಳ ಆಡುವುದಕ್ಕೇ ನಿಂತೆ.

"ಇದನ್ನ ಹಾರಿಸಿ ನೋಡೋಣ, ಡ್ವೈಟ್."

"ಹಾರಿಸೋದೇನು? ಎಳೆದ್ರಲ್ಲ."

"ಎಳೆದ್ರು. ಖಾಲಿ ಬಂದೂಕನ್ನ. ಈ ಊರಲ್ಲಿ ಎಲ್ಲರೂ ಅದನ್ನೇ ಮಾಡೋದು. ನಾನು ತುಂಬಿದ ಬಂದೂಕನ್ನ ನೋಡ್ಬೇಕು."

"ನೋಡಿ?"

"ನನಗೆ ಆ ಟಕ್ ಹಿಡಿಸ್ಲಿಲ್ಲ. ಸತ್ವ ಇಲ್ಲ ಅದರಲ್ಲಿ."

"ನಿನಗೆ ಸೋಲೋದು ಹಿಡಿಸಲ್ಲ, ಅಷ್ಟೆ," ಎಂದು ಗೊಣಗಿದ. ಗೊಣಗುತ್ತಲೇ ಕೀ ತೆಗೆದ. ರಾಯ್ಸ್‌ನ ಡ್ರಾಯರಿನಲ್ಲಿ ಸಿಕ್ಕ ತೋಟಾಗಳ ಡಬ್ಬವೂ ಅದೇ ಬೀರುವಿನಲ್ಲಿತ್ತು. ಕೊಲೆಗೆ ಬಳಸಿದ ತೋಟಾಗಳು ಆ ಡಬ್ಬದವೇ.

ಕಚೇರಿಯ ಹಿತ್ತಿಲಲ್ಲಿ ಮರಳು ತುಂಬಿದ ಪೀಪಾಯಿ ಇದೆ. ಡೆಪ್ಯೂಟಿಗಳು ತಮ್ಮ ಬಂದೂಕನ್ನು ಅಲ್ಲಿಗೆ ಗುರಿ ಮಾಡಿಯೇ ಖಾಲಿ ಮಾಡಬೇಕು. ಡ್ವೈಟ್ ಐದು ತೋಟಾ ತುಂಬಿದ. ನಾವಿಬ್ಬರೂ ಕಿವಿಗೆ ಬಿರಡೆ ತುರುಕಿಕೊಂಡೆವು. ಅವನು ಮರಳಿಗೆ ಗುರಿಯಿಟ್ಟು ಎಳೆದ.

ಟಕ್.

ಗುಂಡು ಹಾರಲಿಲ್ಲ. ತಡವಾಗಿ ಸಿಡಿದೀತೆಂದು ಸ್ವಲ್ಪ ಹೊತ್ತು ಕಾದು, ಮತ್ತೆ ಎಳೆದ.

ಟಕ್.

"ಏನಿದು?"

"ಎಳಿ," ಎಂದೆ.

ಟಕ್. ಟಕ್. ಟಕ್.

ಉರುಳೆಯನ್ನು ಹೊರಗೆ ಸರಿಸಿ ತೋಟಾಗಳನ್ನು ಅಂಗೈಗೆ ಸುರಿದುಕೊಂಡೆವು. ತೋಟಾದ ತಳದ ನಡುವೆ ಪುಟ್ಟ ಕೇಪು ಇರುತ್ತದೆ. ಅದಕ್ಕೆ ಜೋರಾಗಿ ಪೆಟ್ಟು ಬಿದ್ದರೆ ಮಾತ್ರ ಗುಂಡು ಹಾರುವುದು. ಐದೂ ಕೇಪುಗಳ ಮೇಲೆ ಉಗುರು ತಾಗಿಸಿದಷ್ಟು ಗುರುತು ಬಿದ್ದಿತ್ತು, ಅಷ್ಟೇ.

"ತೋಟಾ ಹಾಳಾಗಿರ್ಬೇಕು," ಎಂದ ಡ್ವೈಟ್.

ನಾನು ಅದೇ ಐದನ್ನೂ ಅಂಗಡಿಯ ರಿವಾಲ್ವರಿಗೆ ತುಂಬಿದೆ. ಹಲ್ಲು ಕಚ್ಚಿ ಎಳೆದೆ. ಢಂ! ಮರಳು ಚಿಮ್ಮಿತು. ಇನ್ನೊಮ್ಮೆ. ಢಂ! ಐದೂ ಹಾರಿದವು. ಮಣಿಕಟ್ಟು ಜೋಮು ಹಿಡಿದರೂ ನನಗೆ ಕುಣಿಯಬೇಕೆನಿಸಿತು.

"ಟ್ರಿಗರ್ ಎಳೆಯೋಕೆ ತೊಡಕು ಕೊಡೋದೂ ಅದೇ ಸ್ಪ್ರಿಂಗು, ಕೇಪಿಗೆ ಪೆಟ್ಟು ಹಾಕ್ಸೋದೂ ಅದೇ ಸ್ಪ್ರಿಂಗು," ಎಂದೆ. "ಅವರ ಕೈಗೆ ಸಲೀಸಾಗ್ಲಿ ಅಂತ ಯಾರೋ ಅದನ್ನ ಅತಿಯಾಗಿ ತೆಳು ಮಾಡಿದಾರೆ. ಖಾಲಿ ಇಟ್ಕೊಂಡು ಟಕ್ ಅನ್ನಿಸಿ ನೋಡಿ, ಸರಿಯಾಯ್ತು ಅಂದ್ಕೊಂಡಿದಾರೆ. ಡ್ವೈಟ್, ಇದು ಈಗಿರೋ ಹಾಗೆ ಇದ್ರೆ ಒಂದು ಗುಬ್ಬೀನೂ ಕೊಲ್ಲೋಕಾಗಲ್ಲ. ರಾಯ್ಸ್ ಸತ್ತ ದಿನ ಇದರೊಳಗೆ ಹಳೇ ಸ್ಪ್ರಿಂಗೇ ಇತ್ತು. ನಡೀನ್ ಕೈಲಿ ಎಳೆಯೋಕೆ ಆಗದ ಸ್ಪ್ರಿಂಗು."

"ಹಾಗಾದ್ರೆ ಬದಲಾಯಿಸಿದ್ದು..."

"ಕೊಲೆ ಆದ ಮೇಲೆ."

"ಕೊಲೆ ಆದ ಮೇಲೆ ಅದು ನನ್ನ ಬೀರುವಿಂದ ಹೊರಗೆ ಬಂದಿಲ್ಲ!"

ಅವನ ಮುಖ ನೋಡಿ ನನ್ನ ಸಂತೋಷ ಅಲ್ಲಿಗೇ ಇಂಗಿತು. ಒಂದು ಗಳಿಗೆ, ಒಂದೇ ಗಳಿಗೆ, ನಾನು ಇವನನ್ನೇ ಅನುಮಾನಿಸಿದೆ. ಬಾಲ್ಯದ ಗೆಳೆಯನನ್ನು. ಅವನಿಗೂ ಅದು ಗೊತ್ತಾಯಿತು.

"ಹಾಗೆ ನೋಡ್ಬೇಡ, ಓಪಲ್. ಆ ಬೀರುಗೆ ಎರಡು ಕೀ. ಒಂದು ನನ್ನ ಕುತ್ತಿಗೇಲಿದೆ, ಸ್ನಾನಕ್ಕೂ ತೆಗೆಯಲ್ಲ."

"ಇನ್ನೊಂದು?"

"ನಿನ್ನ ಹತ್ರ. ಕೆಲಸ ಬಿಟ್ಟಾಗ ನೀನು ಕೊಡ್ಲಿಲ್ಲ, ನಾನೂ ಕೇಳ್ಲಿಲ್ಲ. ಎಲ್ಲಿಟ್ಟಿದ್ದೀಯ?"

ಅಡುಗೆಮನೆಯಲ್ಲಿ, ಹಿಂಬಾಗಿಲ ಪಕ್ಕದ ಮೊಳೆಯಲ್ಲಿ. ಕಾರಿನ ಕೀ ಜೊತೆ. ಹೇಳಲು ಬಾಯಿ ತೆರೆದೆ. ಈ ದಿನ ಬೆಳಿಗ್ಗೆ ಕಾರಿನ ಕೀ ತೆಗೆದುಕೊಂಡ ಮೇಲೆ ಆ ಮೊಳೆ ಬರಿದಾಗಿದ್ದುದು ಈಗ ಕಣ್ಣಿಗೆ ಕಟ್ಟಿತು.

ಭಾನುವಾರ ಆ ಹಿಂಬಾಗಿಲಿಗೆ ಎಣ್ಣೆ ಬಿಟ್ಟವನು ಯಾರು? ಒಲೆಯ ಕಡೆ ತಿರುಗಿಕೊಂಡು ಅಡುಗೆ ಮಾಡುತ್ತ, ಈ ಪರೀಕ್ಷೆಯ ಯೋಜನೆಯನ್ನೆಲ್ಲ ಬಾಯ್ತುಂಬ ಹೇಳಿದ್ದು ಯಾರ ಮುಂದೆ? ಮಂಗಳವಾರ ಈ ಕಚೇರಿಯ ಹಿಂದಿನ ಕೋಣೆಯಲ್ಲಿ, ಬೀರುವಿನ ಪಕ್ಕದಲ್ಲೇ, ಬಂದೂಕು ಬಿಚ್ಚುವ ಸಲಕರಣೆ ಹರಡಿಕೊಂಡು ಒಬ್ಬನೇ ಕೂತಿದ್ದವನು ಯಾರು?

ಯಾಕೆ ಎಂದು ಹೊಳೆಯಲಿಲ್ಲ, ಯಾರು ಎಂದು ಹೊಳೆಯಿತು. ಅವನು ನನಗೆ ಬೇಕಾದವನಾಗಿದ್ದ. ಮುಂದಿನ ಭಾನುವಾರಕ್ಕೆ ಏನು ಅಡುಗೆ ಮಾಡಲಿ ಎಂದು ನಾನು ನಿನ್ನೆಯಷ್ಟೇ ಯೋಚಿಸಿದ್ದೆ.

"ಹೋಬರ್ಟ್," ಎಂದೆ. "ಭಾನುವಾರ ನಮ್ಮನೆಯಿಂದ ಕೀ ತಗೊಂಡು ಹೋಗಿದಾನೆ."

ಡ್ವೈಟ್ ಬೈಗುಳವೊಂದನ್ನು ಉಗಿದು, ಜೇಬಿನಿಂದ ಫೋನ್ ಕಿತ್ತು, ನಡೀನ್ ಕಾಲಿನ ಪಟ್ಟಿ ಎಲ್ಲಿದೆಯೆಂದು ತೋರಿಸುವ ನಕ್ಷೆ ತೆರೆದ. ಕೆಂಪು ಚುಕ್ಕಿ ನಡೀನ್ ಮನೆಯ ರಸ್ತೆಯಲ್ಲೇ ಸರಿಯುತ್ತಿತ್ತು.

"ಮನೆ ಕಡೆಗೇ ಹೋಗ್ತಿದೆ," ಎಂದ. ಇಬ್ಬರೂ ಉಸಿರು ಬಿಟ್ಟೆವು.

ಅಷ್ಟರಲ್ಲಿ ನನ್ನ ಫೋನ್ ಹೊಡೆದುಕೊಂಡಿತು. ನಡೀನ್.

"ಮಿಸ್ ನಡೀನ್, ನೀವು..."

"ಮಗಾ, ತಮಾಷೆ ಕೇಳು," ಎಂದರು. ಅತ್ತ ಗಂಟಲಲ್ಲೂ ನಗು ಬೆರೆಸಿ ಮಾತಾಡುತ್ತಿದ್ದರು. ಹಿಂದೆ ಟ್ರಕ್ಕಿನ ಸದ್ದು. "ನಾನು ಅಳ್ತಾ ಇದ್ದೆ ಅಂತ ಹೋಬರ್ಟ್ ದಾರೀಲಿ ನಿಲ್ಲಿಸಿ ಚಹಾ ಕೊಡಿಸ್ದ. ತಾನೂ ತಗೊಂಡ. ನೋಡ್ತೀನಿ, ಅವನದೂ ಸಕ್ಕರೆ ಇಲ್ಲದ್ದೇ! ನಮ್ಮೂರಲ್ಲಿ ಇನ್ನೊಬ್ಬ ಇದಾನಲ್ಲ ಅಂದೆ ಅವನಿಗೆ. ನಿನಗೂ ಹೇಳೋಣ ಅಂತ..."

ಡ್ವೈಟ್ ನನ್ನ ತೋಳು ಹಿಡಿದು ತನ್ನ ಫೋನು ತೋರಿಸಿದ. ಕೆಂಪು ಚುಕ್ಕಿ ಮನೆಯ ತಿರುವು ದಾಟಿ ಮುಂದೆ ಹೋಗಿತ್ತು. ಆ ದಾರಿಯಲ್ಲಿ ಮುಂದೆ ಪಾಳುಬಿದ್ದ ಕಲ್ಲಿನ ಗಣಿಯ ಹೊರತು ಏನೂ ಇಲ್ಲ.

"ಮಿಸ್ ನಡೀನ್, ಮಾತಾಡ್ಬೇಡಿ. ನಗ್ತಾ ಇರಿ. ನಾನು ಹೇಳೋದನ್ನ..."

ಅವರು ಕೇಳಿಸಿಕೊಳ್ಳುತ್ತಿರಲಿಲ್ಲ. ಫೋನನ್ನು ಕಿವಿಯಿಂದ ಸ್ವಲ್ಪ ದೂರ ಮಾಡಿ, ಪಕ್ಕದವನನ್ನು ಕೇಳುತ್ತಿದ್ದರು, ಹಿಂದೆ ನಮ್ಮನ್ನು ಕೇಳುತ್ತಿದ್ದ ಅದೇ ಬೈಬಲ್ ಪಾಠದ ದನಿಯಲ್ಲಿ:

"ಹೋಬರ್ಟ್, ನಮ್ಮನೆ ತಿರುವು ಹಿಂದೇನೇ ಹೋಯ್ತಲ್ಲಪ್ಪ?"

ಫೋನ್ ಕಡಿದುಹೋಯಿತು.